ನಳ ಬದಲಿಸಲಿಕ್ಕೆ ಹೋದ್ರ ನಿಪ್ಪಲ್ ಗೋಡೆಯೊಳಗೇ ಮುರದದ, ಮುಂದೇನು?

ಪ್ರಶ್ನೆ (ಬ್ರಹ್ಮಪುರ, ಕಲಬುರಗಿ)
ಬಚ್ಚಲದ ನಳ ಸೋರ್ತಿತ್ತು. ಪಾನಾ ಹಾಕಿ ತಿರುವಿದ್ರ ನಿಪ್ಪಲ್ (ನಳ ಕೂಡಿಸುವ, ಥ್ರೆಡ್ ಇರುವ ಸಣ್ಣ ಪೈಪ್ ತುಂಡು) ಗೋಡೆಯೊಳಗಿನ ಎಲ್ಬೋದೊಳಗೇ (ಮೊಳಕೈಯಂಗ ಬಾಗಿದ ಜಾಯಿಂಟ್) ಮುರದು ಉಳಿದದ. ಅರ್ಧ ಇಂಚಿನ ಹಳೇ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್, ಬೋರ್‌ವೆಲ್ ನೀರು. ಸುಣ್ಣದಾಗ ಕಟ್ಟಿದ ಕಲ್ಲಿನ ಗೋಡೆ, ಮ್ಯಾಲೆ ಟೈಲ್ಸ್. ಗೀಸರ್ ಲೈನೂ ಇದರಿಂದಲೇ ಹೋಗ್ಯದ. ಗೋಡೆ ಒಡೀಲೇಬೇಕಾ?

ಉತ್ತರ 1
ಗೀಸರ್ ಸ್ವಿಚ್ ಆಫ್ ಮಾಡ್ರಿ, ಟ್ಯಾಂಕಿನ ವಾಲ್ವ್ ಬಂದ್ ಮಾಡಿ ಲೈನ್ ಖಾಲಿ ಮಾಡ್ರಿ. ಹ್ಯಾಕ್ಸಾ ಬ್ಲೇಡನ್ನ ಫ್ರೇಮಿನಿಂದ ಬಿಚ್ಚಿ, ಬರೀ ಬ್ಲೇಡಿನಿಂದ ಮುರಿದ ತುಂಡಿನ ಒಳಗೋಡೆಗೆ ಉದ್ದಕ್ಕೆ ಎರಡು ಸೀಳು ಹಾಕ್ರಿ, ನಡುವೆ ಕಾಲು ಇಂಚು ಬಿಟ್ಟು. ಎಲ್ಬೋದ ಥ್ರೆಡ್ಡು ಕಂಡ ಕೂಡಲೇ ನಿಲ್ಲಿಸ್ರಿ. ಸಣ್ಣ ಚಾಣದಿಂದ ಆ ಪಟ್ಟಿಯನ್ನ ಒಳಕ್ಕೆ ಮಡಚಿದ್ರ ಉಳಿದದ್ದು ಸಡಿಲಾಗ್ತದ, ಪಕ್ಕಡದಿಂದ ಎಡಕ್ಕೆ ತಿರುವಿ ತೆಗೀರಿ.

ಮುರಿಯೋದು ಹೆಚ್ಚಾಗಿ ಥ್ರೆಡ್ಡಿನ ಹತ್ರಾನೇ. ಥ್ರೆಡ್ ಕೊರೆಯುವಾಗ ಅಲ್ಲಿ ಸತುವಿನ ಲೇಪ ಹೋಗಿರ್ತದ, ದಪ್ಪನೂ ಕಡಿಮೆ ಆಗಿರ್ತದ. ಹಿತ್ತಾಳೆ ನಳ ಸೇರಿದ್ರ ಕಬ್ಬಿಣ ಇನ್ನೂ ಬೇಗ ತಿನ್ನಿಸಿಕೊಳ್ತದ. ಈಗ ಟಾರ್ಚ್ ಹಿಡಿದು ಪೈಪಿನೊಳಗ ನೋಡ್ರಿ. ಪೆನ್ಸಿಲ್ ಸಲೀಸಾಗಿ ಹೋಗದಷ್ಟು ಸುಣ್ಣ, ತುಕ್ಕು ಕಟ್ಟಿದ್ರ ಹೊಸ ನಿಪ್ಪಲ್ ಹಾಕೋದು ದಂಡ. ಮುಂದಿನ ಜಾಯಿಂಟ್ ಸೋರ್ತದ.

ಪ್ರಶ್ನೆ ಕೇಳಿದವರು
ತುಂಡು ಬಂತು. ಆದ್ರ ಎಲ್ಬೋನೇ ಅಲ್ಲಾಡ್ಲಿಕತ್ಯದ. ಪೆನ್ಸಿಲ್ ಹೋಗ್ಲಿಲ್ಲ.

ಉತ್ತರ 2 (ಬೀದರ್)
ಎಲ್ಬೋ ಅಲ್ಲಾಡುತ್ತಿದ್ದರೆ ಹಿಂದಿನ ಥ್ರೆಡ್ಡೂ ಹೋಗಿದೆ ಎಂದೇ ತಿಳಿಯಿರಿ. ಆದರೂ ಗೋಡೆ ಕೊರೆಯಬೇಡಿ. ಸುಣ್ಣದ ಗೋಡೆಗೆ ಸುತ್ತಿಗೆ ಏಟು ಬಿದ್ದರೆ ಪಕ್ಕದ ಕಲ್ಲೂ ಕದಲುತ್ತದೆ, ಎರಡು ಇಂಚಿನ ಕೊರೆತ ಒಂದು ಅಡಿಯ ತೂತಾಗುತ್ತದೆ. ಹಳೇ ಲೈನನ್ನು ಗಟ್ಟಿಯಾಗಿರುವ ಹಿಂದಿನ ಸಾಕೆಟ್‌ನಲ್ಲಿ (ಎರಡು ಪೈಪ್ ಕೂಡಿಸುವ ಜಾಯಿಂಟ್) ಕತ್ತರಿಸಿ, ಅಲ್ಲಿಂದ ಗೋಡೆಯ ಮೇಲೆಯೇ ಸಿಪಿವಿಸಿ (ಬಿಸಿನೀರು ತಡೆಯುವ ಪ್ಲಾಸ್ಟಿಕ್ ಪೈಪ್) ಎಳೆಯಿರಿ. ಎರಡೂವರೆ ಅಡಿಗೊಂದು ಕ್ಲ್ಯಾಂಪ್. ಜಿಐಗೆ ಕೂಡಿಸುವ ಕಡೆ ಹಿತ್ತಾಳೆ ಥ್ರೆಡ್ಡಿನ ಅಡಾಪ್ಟರೇ ಬೇಕು, ಪ್ಲಾಸ್ಟಿಕ್ ಥ್ರೆಡ್ ಬಿಗಿಯುವಾಗಲೇ ಸೀಳುತ್ತದೆ. ನಳ ಕೂರುವ ಎಲ್ಬೋಗೂ ಇದೇ ಮಾತು.

ಪೈಪನ್ನು ನೇರ ಕತ್ತರಿಸಿ, ಅಂಚಿನ ಸಿಪ್ಪೆ ಕೆರೆದು, ಸಿಪಿವಿಸಿಯದೇ ಸಾಲ್ವೆಂಟನ್ನು (ಅಂಟನ್ನು) ಎರಡೂ ಕಡೆ ಹಚ್ಚಿ. ಕಾಲು ಸುತ್ತು ತಿರುವಿ ಒತ್ತಿ ಅರ್ಧ ನಿಮಿಷ ಹಿಡಿಯಿರಿ. ಪಿವಿಸಿ ಸಾಲ್ವೆಂಟ್ ಬಿಸಿನೀರಿನ ಲೈನಿಗೆ ಬೇಡವೇ ಬೇಡ. ಗೀಸರಿಗೆ ಸಿಪಿವಿಸಿಯನ್ನು ನೇರ ಜೋಡಿಸದೆ ಲೋಹದ ಬ್ರೇಡೆಡ್ ಹೋಸ್ ಹಾಕಿ. ಗೀಸರಿನ ಸೇಫ್ಟಿ ವಾಲ್ವನ್ನು ಎಂದೂ ಮುಚ್ಚಬೇಡಿ.

ಉತ್ತರ 3 (ಶಹಾಬಾದ್)
ಒಂದು ರಾತ್ರಿ ಬಿಟ್ಟು ನೀರು ಬಿಡ್ರಿ. ಪ್ರತಿ ಜಾಯಿಂಟಿಗೆ ಒಣ ಪೇಪರ್ ಸುತ್ತಿ ನೋಡ್ರಿ, ಸಣ್ಣ ಸೋರಿಕೆನೂ ತೋರಸ್ತದ. ಒಂದ್ ಮಾಳಿಗೆಯ ಟ್ಯಾಂಕಿನ ಒತ್ತಡ ಚದರ ಸೆಂಟಿಮೀಟರಿಗೆ ಅರ್ಧ ಕೆಜಿನೂ ಇರಲ್ಲ, ಹತ್ತು ಮೀಟರ್ ಎತ್ತರಕ್ಕ ಒಂದು ಕೆಜಿ ಅಷ್ಟೇ. ನಾಳೆ ಪ್ರೆಶರ್ ಪಂಪ್ ಹಾಕುವ ವಿಚಾರ ಇದ್ರ ಪ್ಲಂಬರಿನ ಹ್ಯಾಂಡ್ ಪಂಪಿನಿಂದ ಐದು ಕೆಜಿಗೆ ಟೆಸ್ಟ್ ಮಾಡಸ್ರಿ. ಹಳೇ ಎಲ್ಬೋದ ತೂತಿಗೆ ಒಂದು ಪಾಲು ಸಿಮೆಂಟ್, ನಾಲ್ಕು ಪಾಲು ತೊಳೆದ ಉಸುಕು. ತುಂಬೋಕ್ಕಿಂತ ಮೊದಲು ಕಲ್ಲಿಗೆ ನೀರು ಹೊಡೀರಿ, ಇಲ್ಲಂದ್ರ ಹಳೇ ಸುಣ್ಣ ನೀರೆಲ್ಲ ಹೀರಿ ಗಿಲಾವ್ ಬಿರಿತದ. ಮಾಳಿಗಿ ಮ್ಯಾಲೆ ಬಿಸಿಲಿಗೆ ಬೀಳುವ ಸಿಪಿವಿಸಿಗೆ ನೀರಿನ ಬಣ್ಣ ಬಳೀರಿ, ಆಯಿಲ್ ಪೇಂಟ್ ಬ್ಯಾಡ.