ವಾಚ್‌ಡಾಗ್ ರೀಸೆಟ್ ಆದ್ಮೇಲೆ ಐಟೂಸಿ ಬಸ್ ಹ್ಯಾಂಗ್, ಡ್ರೈವರ್‌ನಲ್ಲೇ ಸರಿ ಮಾಡ್ಬಹುದಾ?

ಬೋರ್ಡ್‌ಹುಡ್ಗ:
ಎಲ್ರಿಗೂ ನಮಸ್ಕಾರ. ನಮ್ದೊಂದು ಎಂಬೆಡೆಡ್ ಲಿನಕ್ಸ್ ಬೋರ್ಡ್, ಟೆಂಪರೇಚರ್ ಸೆನ್ಸರ್ ಐಟೂಸಿ (ಚಿಪ್‌ಗಳು ಎರಡೇ ವೈರ್‌ನಲ್ಲಿ ಮಾತಾಡೋ ಬಸ್) ಮೇಲಿದೆ. ಮಾಮೂಲಿ ಬೂಟ್ ಆದ್ರೆ ದಿನಗಟ್ಲೆ ಚೆನ್ನಾಗೇ ಓಡುತ್ತೆ, ಆದ್ರೆ ವಾಚ್‌ಡಾಗ್ (ಸಿಸ್ಟಮ್ ಸಿಕ್ಕಿಹಾಕ್ಕೊಂಡ್ರೆ ತಾನೇ ರೀಸೆಟ್ ಮಾಡೋ ಟೈಮರ್) ರೀಸೆಟ್ ಹೊಡೆದಾಗ ಒಂದೊಂದ್ಸಲ ಪ್ರೋಬ್ (ಡ್ರೈವರ್ ಚಿಪ್‌ನ ಮಾತಾಡಿಸಿ ಶುರು ಮಾಡೋ ಹಂತ) ಟೈಮ್‌ಔಟ್ ಆಗಿ -110 ಎರರ್ ಬರುತ್ತೆ, ಆಮೇಲೆ ಆ ಬಸ್ ಮೇಲಿರೋ ಯಾವ ಚಿಪ್ಪೂ ಉತ್ತರ ಕೊಡಲ್ಲ, ಮತ್ತೆ ರೀಬೂಟ್ ಮಾಡಿದ್ರೂ ಅಷ್ಟೇ, ಪವರ್ ಕೇಬಲ್ ಕಿತ್ತು ಹಾಕಿದ್ರೆ ಮಾತ್ರ ಸರಿಹೋಗುತ್ತೆ. ಡ್ರೈವರ್‌ನಲ್ಲಿ ಐದು ಸಲ ರೀಟ್ರೈ ಹಾಕ್ದೆ, ಮಧ್ಯೆ 100 ಮಿಲಿಸೆಕೆಂಡ್ ಡಿಲೇನೂ ಕೊಟ್ಟೆ, ಪ್ರಯೋಜನ ಇಲ್ಲ. ಬೋರ್ಡ್‌ಗಳು ಆಗ್ಲೇ ಫೀಲ್ಡ್‌ಗೆ ಹೋಗ್ಬಿಟ್ಟಿವೆ. ಏನ್ ಮಾಡ್ಲಿ?

ಮಲ್ನಾಡ್_ಕರ್ನಲ್:
ರೀಟ್ರೈ ತೆಗೆದುಹಾಕಿ ಗುರು, ಕಾರಣ ಗೊತ್ತಿಲ್ದೆ ಹಾಕಿದ ಡಿಲೇ ಮುಂದೆ ಬರೋರಿಗೆ ದೊಡ್ಡ ತಲೆನೋವು. ಹ್ಯಾಂಗ್ ಆದಾಗ ಲಾಜಿಕ್ ಅನಲೈಸರ್ (ಲೈನ್‌ಗಳ ಹೈ, ಲೋ ತೋರಿಸೋ ಉಪಕರಣ) ಹಾಕಿ ಎಸ್‌ಸಿಎಲ್ (ಕ್ಲಾಕ್ ಲೈನ್), ಎಸ್‌ಡಿಎ (ಡೇಟಾ ಲೈನ್) ಎರಡೂ ಹೇಗಿವೆ ನೋಡಿ ಹೇಳಿ.

ಬೋರ್ಡ್‌ಹುಡ್ಗ:
ನೋಡ್ದೆ. ಎಸ್‌ಸಿಎಲ್ ಹೈ, ಎಸ್‌ಡಿಎ ಮಾತ್ರ ಲೋನಲ್ಲೇ ಅಂಟ್ಕೊಂಡು ಕೂತಿದೆ, ಅಲ್ಲಾಡ್ತಾನೇ ಇಲ್ಲ.

ಮಲ್ನಾಡ್_ಕರ್ನಲ್:
ಹಾಗಾದ್ರೆ ಲೈನ್ ಹಿಡ್ಕೊಂಡಿರೋದು ಸೆನ್ಸರ್. ಅದು ಬೈಟ್ ಕಳಿಸ್ತಾ ಒಂದು ಸೊನ್ನೆ ಬಿಟ್ ಇಟ್ಟಿರೋ ಹೊತ್ತಿಗೆ ಸರಿಯಾಗಿ ಪ್ರೊಸೆಸರ್ ರೀಸೆಟ್ ಆಯ್ತು, ಸೆನ್ಸರ್‌ಗೆ ಪವರ್ ಹೋಗಿಲ್ಲ ಆದ್ರಿಂದ ಅದಕ್ಕೆ ರೀಸೆಟ್ ಆಗಿದ್ದೇ ಗೊತ್ತಿಲ್ಲ, ಮುಂದಿನ ಕ್ಲಾಕ್ ಬರ್ಲಿ ಅಂತ ಕಾಯ್ತಾ ಕೂತಿದೆ. ಎಸ್‌ಡಿಎ ಲೋ ಇರೋವರೆಗೆ ನಿಮ್ಮ ಕಂಟ್ರೋಲರ್ (ಪ್ರೊಸೆಸರ್ ಕಡೆಯಿಂದ ಬಸ್ ನಡೆಸೋ ಭಾಗ) ಸ್ಟಾರ್ಟ್, ಅಂದ್ರೆ ಮಾತು ಶುರು ಅನ್ನೋ ಸಿಗ್ನಲ್, ಕಳಿಸೋಕೇ ಆಗಲ್ಲ, ಎಷ್ಟು ರೀಟ್ರೈ ಮಾಡಿದ್ರೂ ಅದೇ ಕಥೆ. ಎಸ್‌ಸಿಎಲ್ ಪಿನ್‌ನ ಜಿಪಿಐಒ (ಸಾಫ್ಟ್‌ವೇರ್ ನೇರವಾಗಿ ಹೈ, ಲೋ ಮಾಡೋ ಪಿನ್) ಮಾಡ್ಕೊಂಡು 9 ಕ್ಲಾಕ್‌ವರೆಗೆ ಕೊಡಿ, 8 ಬಿಟ್ ಜೊತೆಗೆ ಆಕ್ (ಬೈಟ್ ತಲುಪ್ತು ಅನ್ನೋ ಬಿಟ್) ಒಂದು, ಅಷ್ಟರೊಳಗೆ ಬಿಟ್ಟುಬಿಡುತ್ತೆ. ಇದನ್ನ ಸೆನ್ಸರ್ ಡ್ರೈವರ್‌ನಲ್ಲಿ ಬರೀಬೇಡಿ, ಲಿನಕ್ಸ್ ಐಟೂಸಿ ಕೋರ್‌ನಲ್ಲೇ ಬಸ್ ರಿಕವರಿ ಇದೆ, ಡಿವೈಸ್ ಟ್ರೀನಲ್ಲಿ (ಬೋರ್ಡ್ ಮೇಲೆ ಏನೇನಿದೆ ಅಂತ ಕರ್ನಲ್‌ಗೆ ಹೇಳೋ ಫೈಲ್) ಎರಡೂ ಪಿನ್‌ನ ಜಿಪಿಐಒ ಮತ್ತೆ ಪಿನ್‌ಕಂಟ್ರೋಲ್ ಸ್ಟೇಟ್ (ಪಿನ್ ಯಾವ ಕೆಲಸಕ್ಕೆ ಅನ್ನೋ ಸೆಟ್ಟಿಂಗ್) ಕೊಟ್ರೆ ಸಾಕು, ಆದ್ರೆ ನಿಮ್ಮ ಕಂಟ್ರೋಲರ್ ಡ್ರೈವರ್ ಟೈಮ್‌ಔಟ್ ಆದಾಗ ಅದನ್ನ ಕರೆಯುತ್ತಾ ಅಂತ ನೋಡ್ಕೊಳ್ಳಿ, ಕೆಲವು ಕರೆಯಲ್ಲ.

ಹಳೇಬೇರು:
ಎಸ್‌ಡಿಎ ಜಿಪಿಐಒನ ಮರೀಬೇಡಿ. ಅದೇ ಬಸ್ ಮೇಲೆ ಈಪ್ರಾಮ್ (ಪವರ್ ಹೋದ್ರೂ ಡೇಟಾ ಉಳಿಸ್ಕೊಳ್ಳೋ ಮೆಮೊರಿ ಚಿಪ್) ಇದ್ದು, ಅದಕ್ಕೆ ಬರೆಯೋ ಮಧ್ಯೆ ರೀಸೆಟ್ ಆಗಿದ್ರೆ ಈ ಹೆಚ್ಚುವರಿ ಕ್ಲಾಕ್‌ನೇ ಡೇಟಾ ಅಂತ ತಿಳ್ಕೊಂಡು ಬರ್ಕೊಂಡ್ಬಿಡಬಹುದು. ಎಸ್‌ಡಿಎ ಕೈಯಲ್ಲಿದ್ರೆ ಕೋರ್ ಪ್ರತಿ ಪಲ್ಸ್‌ಗೂ ಒಂದು ಸ್ಟಾಪ್ (ಮಾತು ಮುಗೀತು ಅನ್ನೋ ಸಿಗ್ನಲ್) ಮಾಡ್ತಾ ಹೋಗುತ್ತೆ, ಹಾನಿ ಆಗಲ್ಲ.
ಇನ್ನೊಂದು, ಹಾರ್ಡ್‌ವೇರ್ ತಪ್ಪನ್ನ ಸಾಫ್ಟ್‌ವೇರ್‌ನಲ್ಲಿ ಮುಚ್ಚೋದು ನಾಚಿಕೆ ವಿಷ್ಯ ಅಂದ್ಕೋಬೇಡಿ, ಕರ್ನಲ್‌ನಲ್ಲಿ ಪಿಸಿಐ (ಕಂಪ್ಯೂಟರ್‌ನ ಕಾರ್ಡ್, ಚಿಪ್‌ಗಳ ಬಸ್) ಚಿಪ್‌ಗಳ ತಪ್ಪು ಸರಿದೂಗಿಸೋಕೆ ಕ್ವರ್ಕ್ಸ್ ಅಂತ ಒಂದು ಫೈಲೇ ಇದೆ, 90ರ ದಶಕದ ಸಿಎಮ್‌ಡಿ640 ಅನ್ನೋ ಐಡಿಇ (ಹಾರ್ಡ್ ಡಿಸ್ಕ್ ಜೋಡಿಸೋ) ಚಿಪ್ ಡೇಟಾ ಕೆಡಿಸ್ತಿತ್ತು ಅಂತ ಅದಕ್ಕೇ ಒಂದು ಪ್ರತ್ಯೇಕ ಡ್ರೈವರ್ ಇತ್ತು. ಯಾವ ಬೋರ್ಡ್ ರಿವಿಷನ್‌ಗೆ, ಯಾಕೆ ಅಂತ ಕಾಮೆಂಟ್‌ನಲ್ಲಿ ಬರೆದಿಡಿ, ಅಷ್ಟೇ ನಾನು ಕೇಳ್ಕೊಳ್ಳೋದು.

ಬೋರ್ಡ್‌ಹುಡ್ಗ:
ಸರ್, ಇಬ್ರಿಗೂ ತುಂಬಾ ಥ್ಯಾಂಕ್ಸ್. ನಮ್ಮ ಕಂಟ್ರೋಲರ್ ಡ್ರೈವರ್ ರಿಕವರಿ ಕರೀತಾನೇ ಇರ್ಲಿಲ್ಲ, ಎರಡು ಸಾಲು ಸೇರಿಸ್ದೆ. ರಾತ್ರಿಯೆಲ್ಲಾ ಸ್ಕ್ರಿಪ್ಟ್ ಹಾಕಿ 200 ಸಲ ವಾಚ್‌ಡಾಗ್ ರೀಸೆಟ್ ಹೊಡೆಸ್ದೆ, ಒಂದ್ಸಲಾನೂ ಹ್ಯಾಂಗ್ ಆಗ್ಲಿಲ್ಲ. ಅನಲೈಸರ್‌ನಲ್ಲಿ ನೋಡಿದ್ರೆ ಒಂದ್ಸಲ 3ನೇ ಕ್ಲಾಕ್‌ಗೇ ಬಿಡ್ತು, ಇನ್ನೊಂದ್ಸಲ 7ಕ್ಕೆ. ಮುಂದಿನ ರಿವಿಷನ್‌ನಲ್ಲಿ ಸೆನ್ಸರ್ ಪವರ್‌ಗೆ ಒಂದು ಸ್ವಿಚ್ ಇಡಿ ಅಂತ ಹಾರ್ಡ್‌ವೇರ್ ಟೀಮ್‌ಗೂ ಮೇಲ್ ಹಾಕಿದೀನಿ.