ಅಪ್ಪನ ನಿವೃತ್ತಿ ಹಣ 28 ಲಕ್ಷ: ಊರಿನ ಸೊಸೈಟಿಗೆ ಹಾಕೋದಾ, ಪೋಸ್ಟ್ ಆಫೀಸಿಗಾ?

ತಿಪಟೂರಿನ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮಪ್ಪ ಬಸ್ ಡ್ರೈವರ್ ಆಗಿದ್ದರು. ಈಗಷ್ಟೇ 60 ತುಂಬಿ ನಿವೃತ್ತರಾಗಿದ್ದಾರೆ. ಪಿಎಫ್, ಗ್ರಾಚ್ಯುಟಿ, ರಜೆ ಹಣ ಎಲ್ಲ ಸೇರಿ, ಮನೆ ಸಾಲ ತೀರಿಸಿದ ಮೇಲೆ ಕೈಯಲ್ಲಿ 28 ಲಕ್ಷ ಉಳಿದಿದೆ. ಪಿಎಫ್ ಜೊತೆಗಿನ ನೌಕರರ ಪಿಂಚಣಿ ಯೋಜನೆ, ಇಪಿಎಸ್-95ರ ಪಿಂಚಣಿ ತಿಂಗಳಿಗೆ 3,900 ರೂಪಾಯಿ. ಅಷ್ಟರಲ್ಲಿ ಮನೆ ನಡೆಯೋಲ್ಲ ಅಂತ ಎಲ್ಲರಿಗೂ ಗೊತ್ತು. ಸ್ವಲ್ಪ ತೆಂಗು ಇದೆ, ಆದರೆ ಕಪ್ಪುತಲೆ ಹುಳು ಬಿದ್ದ ಮೇಲೆ ಇಳುವರಿ ನಂಬೋ ಹಾಗಿಲ್ಲ. ಅಪ್ಪ-ಅಮ್ಮ ಇಬ್ಬರ ಮನೆ ಖರ್ಚು, ಬಿಪಿ-ಶುಗರ್ ಮಾತ್ರೆ ಎಲ್ಲ ಸೇರಿ ತಿಂಗಳಿಗೆ ಸುಮಾರು 16,000 ಬೇಕು.

ನಮ್ಮ ಊರಲ್ಲಿ ಒಂದು ಸೌಹಾರ್ದ ಸಹಕಾರಿ ಇದೆ. ಹಿರಿಯ ನಾಗರಿಕರಿಗೆ ಶೇ. 11 ಬಡ್ಡಿ ಕೊಡ್ತಾರೆ. ಅದರ ನಿರ್ದೇಶಕರೊಬ್ಬರು ಅಪ್ಪನಿಗೆ ಹಳೇ ಪರಿಚಯ. ಮನೆಗೇ ಬಂದು, ಜಗಲಿ ಮೇಲೆ ಕೂತು, "ನಿಮ್ಮ ದುಡ್ಡು ನನ್ನ ದುಡ್ಡು ಇದ್ದ ಹಾಗೆ, ನಾನಿದ್ದೀನಲ್ಲ" ಅಂದು ಹೋಗಿದ್ದಾರೆ. ಅಪ್ಪ ಪೂರ್ತಿ 28 ಲಕ್ಷ ಅಲ್ಲೇ ಇಡೋಣ ಅಂತಿದ್ದಾರೆ. ಲೆಕ್ಕ ಹಾಕಿದರೆ ತಿಂಗಳಿಗೆ 25,600 ಬರುತ್ತೆ. ತಮ್ಮ ಮೊಬೈಲ್ ಅಂಗಡಿ ದೊಡ್ಡದು ಮಾಡಲು 4 ಲಕ್ಷ ಕೇಳ್ತಿದ್ದಾನೆ, ಅದು ಬೇರೆ.

ಅಮ್ಮನಿಗೆ 56. ಅವರ ಹೆಸರಲ್ಲಿ ಇರೋದು ಗೃಹಲಕ್ಷ್ಮಿಯ 2,000 ಬರುವ ಒಂದು ಖಾತೆ ಮಾತ್ರ. ಅಮ್ಮ ಏನೂ ಮಾತಾಡ್ತಿಲ್ಲ, ಆದರೆ ರಾತ್ರಿ ನನಗೆ ಫೋನ್ ಮಾಡಿ "ನೀನಾದರೂ ವಿಚಾರಿಸು" ಅಂದರು. ಅಪ್ಪನ ದುಡ್ಡು ಅಪ್ಪನದೇ, ನಾನು ಕಸಿದುಕೊಳ್ಳೋಕೆ ಹೊರಟಿಲ್ಲ. ಅವರಿಗೆ ನೋವಾಗದ ಹಾಗೆ ಹೇಗೆ ಹೇಳೋದು, ಏನು ಹೇಳೋದು? ತಿಳಿದವರು ಬಿಡಿಸಿ ಹೇಳಿ.

---

ಶಿರಸಿ ಅಡಿಕೆ ತೋಟ

ಮೊದಲೇ ಹೇಳಿಬಿಡ್ತೀನಿ, ಸಹಕಾರಿ ಅಂದ ಕೂಡಲೇ ಕಳ್ಳರು ಅಂತ ಯಾರೂ ಬರೆಯಬೇಡಿ. ನಮ್ಮ ಕಡೆ ಅಡಿಕೆ ಮಾರೋದು, ಗೊಬ್ಬರ ತರೋದು, ಬೆಳೆ ಸಾಲ ಎಲ್ಲ ಸೊಸೈಟಿಯಲ್ಲೇ. ನಮ್ಮಜ್ಜನ ಕಾಲದಿಂದ ನಮ್ಮ ಮನೆ ನಿಂತಿರೋದೇ ಅದರ ಮೇಲೆ.

ಆದರೂ ನಿಮ್ಮಪ್ಪ ಪೂರ್ತಿ ಹಣ ಹಾಕೋದಕ್ಕೆ ನಾನು ಒಪ್ಪಲ್ಲ. ನಾನು ಸೊಸೈಟಿಯಲ್ಲಿ ಇಡೋದು ಎಷ್ಟು ಅಂದರೆ, ಒಂದು ವರ್ಷ ಸಿಗದೇ ಹೋದರೂ ಮನೆಯಲ್ಲಿ ಒಲೆ ಉರಿಯಬೇಕು, ಅಷ್ಟು. ಇಡುವ ಮುಂಚೆ ವಾರ್ಷಿಕ ವರದಿ ಕೇಳಿ. ಸದಸ್ಯರಿಗೆ ಅದು ಕೊಡಲೇಬೇಕು. ಆಡಿಟ್ ವರ್ಗ ಎ ಇದೆಯಾ, ಬಿ ನಾ, ಸಿ ನಾ ನೋಡಿ. ಕೊಟ್ಟ ಸಾಲದಲ್ಲಿ ಸುಸ್ತಿ, ಅಂದರೆ ಗಡುವು ಮೀರಿದರೂ ಕಟ್ಟದ ಬಾಕಿ ಎಷ್ಟಿದೆ, ನಿರ್ದೇಶಕರು ಮತ್ತು ಅವರ ಮನೆಯವರು ತಗೊಂಡ ಸಾಲ ಎಷ್ಟು, ಅದೂ ವರದಿಯಲ್ಲಿ ಸಿಗುತ್ತೆ. ವರದಿ ಕೇಳಿದರೆ ಮುಖ ಗಂಟಿಕ್ಕುವ ಸೊಸೈಟಿ ಆದರೆ ಅಲ್ಲಿಗೇ ಮುಗೀತು, ವಾಪಸ್ ಬನ್ನಿ. ಇನ್ನೊಂದು, ಸುತ್ತಮುತ್ತ ಬ್ಯಾಂಕುಗಳೆಲ್ಲ ಶೇ. 7ರ ಆಸುಪಾಸಿನಲ್ಲಿ ಕೊಡುವಾಗ ಇವರು 11 ಕೊಡಬೇಕಾದರೆ ಸಾಲ ಎಷ್ಟಕ್ಕೆ ಕೊಡ್ತಿದ್ದಾರೆ? 14, 15, 16? ಬ್ಯಾಂಕಿನಲ್ಲಿ ಸಾಲ ಹುಟ್ಟದವರೇ ಅಷ್ಟು ಬಡ್ಡಿ ಕಟ್ಟೋಕೆ ಒಪ್ಪೋದು, ಅಲ್ವಾ?

ಸೊಸೈಟಿಯಿಂದ ಅಪ್ಪನಿಗೆ ಒಂದು ಒಳ್ಳೇ ಉಪಯೋಗ ಇದೆ. ಹಳ್ಳಿಯ ಸಹಕಾರ ಸಂಘದ ಸದಸ್ಯರಾದರೆ ಯಶಸ್ವಿನಿ ಆರೋಗ್ಯ ಯೋಜನೆಗೆ ಸೇರಬಹುದು. ಗ್ರಾಮೀಣ ಕುಟುಂಬದ ನಾಲ್ವರಿಗೆ ವರ್ಷಕ್ಕೆ 500 ರೂಪಾಯಿ. ಪಟ್ಟಿಯಲ್ಲಿರುವ ಆಪರೇಷನ್‌ಗಳಿಗೆ ನೆಟ್‌ವರ್ಕ್ ಆಸ್ಪತ್ರೆಗಳಲ್ಲಿ 5 ಲಕ್ಷದವರೆಗೆ ಸಿಗುತ್ತೆ. ನೋಂದಣಿ ವರ್ಷಪೂರ್ತಿ ತೆರೆದಿರೋಲ್ಲ, ಈಗಲೇ ಕಾರ್ಯದರ್ಶಿ ಹತ್ತಿರ ಕೇಳಿಡಿ.

---

ನಿವೃತ್ತ ಬ್ಯಾಂಕಿನವನು, ಶಿವಮೊಗ್ಗ

ತಂಗಿ, ನಿನ್ನ ಪ್ರಶ್ನೆ ಓದಿ ಸುಮ್ಮನಿರಲಾಗಲಿಲ್ಲ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಅಪ್ಪನಿಗೆ ಮೊದಲು ಹೇಳಬೇಕಾದ್ದು ಇದು. ಬ್ಯಾಂಕಿನಲ್ಲಿ ಇಟ್ಟ ಠೇವಣಿಗೆ ಡಿಐಸಿಜಿಸಿ (ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆ) ವಿಮೆ ಇದೆ. ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ, ಎಲ್ಲ ಶಾಖೆ ಸೇರಿ, ಅಸಲು-ಬಡ್ಡಿ ಸೇರಿ 5 ಲಕ್ಷ. 2020ರ ಫೆಬ್ರವರಿ 4ಕ್ಕೆ ಮುಂಚೆ ಇದು ಬರೀ 1 ಲಕ್ಷ ಇತ್ತು. ರಿಸರ್ವ್ ಬ್ಯಾಂಕ್ ಪರವಾನಗಿ ಇರುವ ಸಹಕಾರಿ ಬ್ಯಾಂಕುಗಳಿಗೂ ಈ ವಿಮೆ ಇದೆ. ಆದರೆ ಪತ್ತಿನ ಸಹಕಾರ ಸಂಘಕ್ಕೆ ಇಲ್ಲ, ಸೌಹಾರ್ದ ಪತ್ತಿನ ಸಹಕಾರಿಗೂ ಇಲ್ಲ. ಒಂದು ರೂಪಾಯಿಗೂ ಇಲ್ಲ. ಕಟ್ಟಡ ಎಷ್ಟೇ ಚೆನ್ನಾಗಿರಲಿ, ಎಸಿ ಇರಲಿ, ಪಾಸ್‌ಬುಕ್ ಬ್ಯಾಂಕಿನ ಹಾಗೇ ಇರಲಿ. ಜನ ಅದನ್ನ "ನಮ್ಮೂರ ಬ್ಯಾಂಕು" ಅಂತಲೇ ಕರೀತಾರೆ, ಅಲ್ಲೇ ಮೋಸ ಹೋಗೋದು.

ವಿಮೆ ಇದ್ದರೂ ಏನಾಗುತ್ತೆ ಅಂತ ನೋಡಿದ್ದೇವೆ. 2020ರ ಜನವರಿಯಲ್ಲಿ ಬೆಂಗಳೂರಿನ ಒಂದು ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದಾಗ ಒಬ್ಬರಿಗೆ 35,000 ರೂಪಾಯಿ ಮಾತ್ರ ತೆಗೆಯಲು ಬಿಟ್ಟರು. ನಿವೃತ್ತಿ ಹಣ ಪೂರ್ತಿ ಅಲ್ಲೇ ಇಟ್ಟಿದ್ದ ಹಿರಿಯರು ಎಷ್ಟೋ ಜನ. 2021ರಲ್ಲಿ ಕಾನೂನು ತಿದ್ದಿದ ಮೇಲೆ ಈಗ ಇಂಥ ನಿರ್ಬಂಧ ಬಿದ್ದರೆ 90 ದಿನದೊಳಗೆ ವಿಮೆ ಹಣ ಕೊಡಬೇಕು. ಅದೂ 5 ಲಕ್ಷದವರೆಗೆ ಮಾತ್ರ. ಸೊಸೈಟಿಗೆ ಈ ಆಸರೆಯೂ ಇಲ್ಲ. ಆಗ ಇರೋದು ದೂರು, ಕೋರ್ಟು, ಆಸ್ತಿ ಹರಾಜು. 60 ದಾಟಿದವರಿಗೆ ಅಷ್ಟು ಕಾಯುವ ಪುರುಸೊತ್ತು ಎಲ್ಲಿದೆ?

ಈಗ ಲೆಕ್ಕಕ್ಕೆ ಬರೋಣ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಬಡ್ಡಿ ಶೇ. 8.2. 2023ರಿಂದ ಒಬ್ಬರು 30 ಲಕ್ಷದವರೆಗೆ ಇಡಬಹುದು. ಖಾತೆ ತೆರೆದ ದಿನದ ದರವೇ ಐದು ವರ್ಷ ನಡೆಯುತ್ತೆ. ಬ್ಯಾಂಕುಗಳಲ್ಲೂ ಈ ಖಾತೆ ತೆರೆಯಬಹುದು, ಎಲ್ಲಿ ತೆರೆದರೂ ಹೊಣೆ ಕೇಂದ್ರ ಸರ್ಕಾರದ್ದು. ಹಾಗಾಗಿ ಇಲ್ಲಿ 5 ಲಕ್ಷದ ಮಿತಿಯ ಪ್ರಶ್ನೆಯೇ ಬರೋಲ್ಲ. ಪೂರ್ತಿ 28 ಲಕ್ಷ ಇಟ್ಟರೆ ತಿಂಗಳಿಗೆ ಸರಾಸರಿ 19,100 ಆಗುತ್ತೆ. ಸೊಸೈಟಿಗೂ ಇದಕ್ಕೂ ವ್ಯತ್ಯಾಸ ತಿಂಗಳಿಗೆ 6,500. ನೆಮ್ಮದಿಯಾಗಿ ನಿದ್ದೆ ಮಾಡಲು ತೆರುವ ಬೆಲೆ ಅದು. ಅಪ್ಪನ ಮುಂದೆ ಈ ಒಂದು ಅಂಕಿ ಇಡು, "6,500 ಜಾಸ್ತಿ ಸಿಗುತ್ತೆ ಅಂತ 28 ಲಕ್ಷ ಪಣಕ್ಕಿಡಬೇಕಾ ಅಪ್ಪ?" ಅಂತ ಕೇಳು. ಆ ನಿರ್ದೇಶಕರ ಬಗ್ಗೆ ಒಂದು ಮಾತೂ ಕೆಟ್ಟದಾಗಿ ಆಡಬೇಡ. ಅವರು ಒಳ್ಳೆಯವರೇ ಇರಬಹುದು. ಸಾಲ ತಗೊಂಡವರು ವಾಪಸ್ ಕಟ್ಟದಿದ್ದರೆ ಅವರಾದರೂ ಏನು ಮಾಡಿಯಾರು?

ಆದರೆ ನಿಮ್ಮ ಮನೆಗೆ ನಾನಾದರೆ ಪೂರ್ತಿ ಒಂದೇ ಕಡೆ ಹಾಕೋಲ್ಲ. ಹಿರಿಯ ನಾಗರಿಕರ ಖಾತೆಯ ಮೇಲೆ ಸಾಲ ಸಿಗೋಲ್ಲ. ಮಧ್ಯೆ ಮುರಿದರೆ ಕಡಿತ ಇದೆ: ಒಂದು ವರ್ಷದೊಳಗಾದರೆ ಕೊಟ್ಟ ಬಡ್ಡಿಯನ್ನೇ ಹಿಡಿದುಕೊಳ್ತಾರೆ, ಎರಡು ವರ್ಷದೊಳಗೆ ಅಸಲಿನ ಶೇ. 1.5, ಆಮೇಲೆ ಶೇ. 1.

ಅಪ್ಪನ ಹೆಸರಲ್ಲಿ 15 ಲಕ್ಷ ಇಡಿ. ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ ಒಂದನೇ ತಾರೀಖಿಗೆ 30,750 ಬರುತ್ತೆ. ಅಮ್ಮನ ಹೆಸರಲ್ಲಿ ಅಂಚೆ ಮಾಸಿಕ ಆದಾಯ ಯೋಜನೆಯಲ್ಲಿ 9 ಲಕ್ಷ ಇಡಿ. ಒಬ್ಬರ ಹೆಸರಲ್ಲಿ ಅದೇ ಮಿತಿ. ಶೇ. 7.4ರ ಲೆಕ್ಕದಲ್ಲಿ ತಿಂಗಳಿಗೆ 5,550. ಉಳಿದ 4 ಲಕ್ಷ ಬ್ಯಾಂಕ್ ಎಫ್‌ಡಿ, ಒಂದೊಂದು ಲಕ್ಷದ್ದು ನಾಲ್ಕು. ಆಸ್ಪತ್ರೆಗೆ ಬೇಕಾದರೆ ಒಂದು ಮುರಿದರೆ ಸಾಕು, ಎಫ್‌ಡಿ ಮೇಲೆ ಸಾಲವೂ ಸಿಗುತ್ತೆ. ಪಿಂಚಣಿ ಸೇರಿ ತಿಂಗಳಿಗೆ 19,000 ದಾಟುತ್ತೆ, ಗೃಹಲಕ್ಷ್ಮಿ ಬಿಟ್ಟು. ನಿಮ್ಮ 16,000ಕ್ಕೆ ಸಾಕಾಗಿ ಸ್ವಲ್ಪ ಮಿಗುತ್ತೆ.

ಅಮ್ಮನ ಹೆಸರು ಯಾಕೆ ಅಂದರೆ, ಇಪಿಎಸ್ ಪಿಂಚಣಿ ಅಪ್ಪನ ನಂತರ ಅಮ್ಮನಿಗೆ ಅರ್ಧಕ್ಕೆ ಇಳಿಯುತ್ತೆ. ಅಮ್ಮನಿಗೆ ತನ್ನದೇ ಒಂದು ಆದಾಯ, ತಾನೇ ಸಹಿ ಹಾಕಿ ತೆಗೆಯುವ ಖಾತೆ ಇರಬೇಕು.

ಕೊನೆಯದಾಗಿ ನಾಮಿನಿ. ಇದನ್ನು ನಾನು ಕೌಂಟರಿನ ಆ ಕಡೆಯಿಂದ ನೋಡಿದ್ದೇನೆ. ಗಂಡ ತೀರಿಕೊಂಡ ಒಬ್ಬರು ಎಫ್‌ಡಿ ರಸೀದಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಬಂದಿದ್ದರು. ರಸೀದಿಯಲ್ಲಿ ಗಂಡನ ಹೆಸರು ಒಂದೇ. ನಾಮಿನಿ ಜಾಗ ಖಾಲಿ. ನಾಡಕಚೇರಿಯಿಂದ ವಂಶವೃಕ್ಷ ತರಬೇಕಾಯ್ತು, ಅಫಿಡವಿಟ್ ಮಾಡಿಸಬೇಕಾಯ್ತು, ಬೇರೆ ಊರಿನಲ್ಲಿದ್ದ ಮಕ್ಕಳ ಒಪ್ಪಿಗೆ ಪತ್ರ ಬೇಕಾಯ್ತು. ದುಡ್ಡು ಅವರದ್ದೇ, ಕಣ್ಣೆದುರಿಗೇ ಇದೆ, ಕೊಡಲು ನನಗೆ ಅಧಿಕಾರ ಇಲ್ಲ. ಒಂದು ಸಾಲು ತುಂಬಿದ್ದರೆ ಮರಣ ಪ್ರಮಾಣಪತ್ರ, ಆಧಾರ್ ತೋರಿಸಿ ಹಣ ಪಡೆಯಬಹುದಿತ್ತು. ಆದ್ದರಿಂದ ಬ್ಯಾಂಕ್ ಖಾತೆ ಅಪ್ಪ-ಅಮ್ಮ ಜಂಟಿಯಾಗಿ, "ಇಬ್ಬರಲ್ಲಿ ಒಬ್ಬರು ಅಥವಾ ಉಳಿದವರು" ಅನ್ನೋ ಷರತ್ತಿನಲ್ಲಿ ಮಾಡಿಸು. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿ ಹಾಕಿ, ಯಾರಿಗೆ ಶೇಕಡಾ ಎಷ್ಟು ಅಂತಲೂ ಬರೆಯಬಹುದು. ನಾಮಿನಿ ಅಂದರೆ ಮಾಲೀಕ ಅಲ್ಲ, ವಾರಸುದಾರರ ಪರವಾಗಿ ಹಣ ಪಡೆಯುವವರು. ಅದನ್ನೂ ಮನೆಯಲ್ಲಿ ಹೇಳಿಬಿಡು.

---

ದಾವಣಗೆರೆ ಬೆಣ್ಣೆ

ಶಿವಮೊಗ್ಗದ ಸರ್ ಎಲ್ಲ ಹೇಳಿದ್ದಾರೆ. ನಾನು ಫೋನಿನ ವಿಷಯ ಸೇರಿಸ್ತೀನಿ. ನಿವೃತ್ತಿಯಾದ ತಕ್ಷಣ ಫೋನ್ ಶುರುವಾಗುತ್ತೆ. "ಜೀವಿತ ಪ್ರಮಾಣಪತ್ರ ಆಗಿಲ್ಲ, ಪಿಂಚಣಿ ನಿಲ್ಲುತ್ತೆ, ಓಟಿಪಿ ಹೇಳಿ" ಅಂತಾರೆ. ಅಥವಾ ವಾಟ್ಸಾಪ್‌ನಲ್ಲಿ ಒಂದು ಆ್ಯಪ್ ಕಳಿಸ್ತಾರೆ. ನಮ್ಮ ಮಾವನಿಗೆ ವಿಡಿಯೋ ಕಾಲ್ ಮಾಡಿ "ನಿಮ್ಮ ಮೇಲೆ ಕೇಸ್ ಇದೆ, ಡಿಜಿಟಲ್ ಅರೆಸ್ಟ್" ಅಂದಿದ್ದರು. ಅತ್ತೆ ಫೋನ್ ಕಿತ್ಕೊಂಡು ಕಟ್ ಮಾಡಿದರು, ಬಚಾವ್. ಡಿಜಿಟಲ್ ಅರೆಸ್ಟ್ ಅನ್ನೋದು ನಮ್ಮ ಕಾನೂನಿನಲ್ಲೇ ಇಲ್ಲ. ಸೈಬರ್ ವಂಚನೆ ದೂರಿನ ಸಹಾಯವಾಣಿ 1930 ನಂಬರನ್ನ ಅಪ್ಪನ ಫೋನಿನಲ್ಲಿ ಸೇವ್ ಮಾಡಿಕೊಡಿ. ದುಡ್ಡು ಹೋದರೆ ತಡ ಮಾಡದೆ ಆ ಕ್ಷಣವೇ ಕರೆ ಮಾಡಬೇಕು, ಆಗ ತಡೆಹಿಡಿಯೋ ಸಾಧ್ಯತೆ ಜಾಸ್ತಿ. ಬಡ್ಡಿ ಬೀಳುವ ದೊಡ್ಡ ಖಾತೆಗೆ ಯುಪಿಐ ಜೋಡಿಸಲೇಬೇಡಿ. ಸಾಮಾನು ತರೋಕೆ 5,000 ಇರುವ ಬೇರೆ ಖಾತೆ ಸಾಕು.

---

ತಿಪಟೂರಿನ ಮಗಳು

ಎಲ್ಲರಿಗೂ ತುಂಬಾ ಧನ್ಯವಾದ. ಭಾನುವಾರ ಊರಿಗೆ ಹೋಗಿದ್ದೆ. ಬ್ಯಾಂಕಿನ ಸರ್ ಹೇಳಿದ ಹಾಗೇ 6,500ರ ಲೆಕ್ಕ ಕ್ಯಾಲೆಂಡರ್ ಹಿಂದೆ ಬರೆದು ತೋರಿಸಿದೆ. ಅಪ್ಪ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ "ಆ ವಿಮೆ ಇಲ್ಲ ಅಂತ ಅವರು ಯಾಕೆ ಹೇಳಲಿಲ್ಲ?" ಅಂತ ಕೇಳಿದರು. ಅವರೇ ಸೊಸೈಟಿಗೆ ಹೋಗಿ ವಾರ್ಷಿಕ ವರದಿ ಕೇಳಿದ್ದಾರೆ, ಇನ್ನೂ ಸಿಕ್ಕಿಲ್ಲ. 15 ಮತ್ತು 9ಕ್ಕೆ ಒಪ್ಪಿದ್ದಾರೆ. ಆದರೆ ಗೆಳೆಯರ ಮುಖ ನೋಡಿ ಒಂದು ಲಕ್ಷವಾದರೂ ಸೊಸೈಟಿಯಲ್ಲಿ ಇಡಲೇಬೇಕು ಅಂತಾರೆ. ನಾನು ಬೇಡ ಅನ್ನಲಿಲ್ಲ. ಅಮ್ಮ ಅಂಚೆ ಕಚೇರಿಗೆ ಕೊಡಲು ಫೋಟೋ ತೆಗೆಸಿಕೊಂಡು ಬಂದಿದ್ದಾರೆ.

ತಮ್ಮನದೇ ಉಳಿದಿರೋದು. ಅವನು ಕೇಳ್ತಿರೋದು 4 ಲಕ್ಷ, ಸೊಸೈಟಿಯ ಒಂದು ಲಕ್ಷ ಹೋದರೆ ಉಳಿಯೋದೇ 3. ಅದನ್ನೂ ಅವನಿಗೆ ಕೊಟ್ಟರೆ ಎಫ್‌ಡಿಗೆ ಏನೂ ಇರೋಲ್ಲ. ಏನು ಮಾಡಲಿ?

---

ನಿವೃತ್ತ ಬ್ಯಾಂಕಿನವನು, ಶಿವಮೊಗ್ಗ

ಒಂದು ಲಕ್ಷ ಇಡಲಿ ಬಿಡು, ಸ್ನೇಹಕ್ಕೂ ಒಂದು ಬೆಲೆ ಇದೆ. ಆದರೆ ಆ ರಸೀದಿಗೂ ನಾಮಿನಿ ಹಾಕಿಸು.

ತಮ್ಮನಿಗೆ ಸಣ್ಣ ವ್ಯಾಪಾರಿಗಳಿಗೆ ಬ್ಯಾಂಕು ಕೊಡುವ ಮುದ್ರಾ ಸಾಲಕ್ಕೆ ಅರ್ಜಿ ಹಾಕಲು ಹೇಳು. ಕಿಶೋರ್ ವರ್ಗದಲ್ಲಿ 50,000ದಿಂದ 5 ಲಕ್ಷದವರೆಗೆ ಸಿಗುತ್ತೆ, ಆಸ್ತಿ ಅಡ ಇಡಬೇಕಾಗಿಲ್ಲ. ಸಣ್ಣ ಉದ್ದಿಮೆಗಳಿಗೆ ಸರ್ಕಾರದ ಉದ್ಯಮ್ ನೋಂದಣಿ ಉಚಿತ, ಅದನ್ನು ಮೊದಲು ಮಾಡಿಕೊಳ್ಳಲಿ. ಅಂಗಡಿಯ ವ್ಯವಹಾರವೆಲ್ಲ ಒಂದೇ ಖಾತೆಯಲ್ಲಿ ನಡೆಯುತ್ತಿದ್ದರೆ ಸ್ಟೇಟ್‌ಮೆಂಟ್ ನೋಡಿಯೇ ಮ್ಯಾನೇಜರಿಗೆ ಅರ್ಧ ನಂಬಿಕೆ ಬರುತ್ತೆ. ಅವನಿಗೆ 30ರ ವಯಸ್ಸಿದ್ದೀತು, ಸಾಲ ಮಾಡಿ ತೀರಿಸಲು ಮುಂದೆ ಬೇಕಾದಷ್ಟು ವರ್ಷ ಇವೆ. ಅಪ್ಪನ ಎಫ್‌ಡಿ ಮುರಿಯುವುದು ಬೇಡ, ಅಪ್ಪ ಜಾಮೀನು ನಿಲ್ಲುವುದೂ ಬೇಡ. ಬ್ಯಾಂಕಿಗೆ ಹೋಗುವಾಗ ಅಂಗಡಿ ಬಾಡಿಗೆ ಕರಾರು, ಟ್ರೇಡ್ ಲೈಸೆನ್ಸ್, ತರಬೇಕೆಂದಿರುವ ಸಾಮಾನಿನ ಕೊಟೇಷನ್ ಮೂರನ್ನೂ ತಗೊಂಡು ಹೋಗಲಿ. ಇಲ್ಲ ಅಂದರೆ ಏನು ಕಾರಣ ಕೊಟ್ಟರು ಅಂತ ಇಲ್ಲೇ ಬರೆ, ನೋಡೋಣ.