ಸಿಮೆಂಟ್ ಬಲ್ಕರ್ ಬಿಟ್ಟು ಕ್ರೂಡ್ ಟ್ಯಾಂಕರ್‌ಗೆ ಹೋಗ್ಬೇಕಂತೀನಿ, ಅನುಭವ ಇದ್ದವ್ರು ಹೇಳ್ರಿ

ನಾ ಸೇಡಂ ಕಡೆಯವ. ಮಳಖೇಡ, ವಾಡಿ ಫ್ಯಾಕ್ಟರಿಯಿಂದ ಬಲ್ಕರ್ (ಪುಡಿ ಸಿಮೆಂಟಿನ ಟ್ಯಾಂಕರ್) ಹೊಡೀತೀನಿ. ಈಗ ಗುಜರಾತಿನ ಮೆಹಸಾಣಾದಾಗ ಎಣ್ಣೆ ಬಾವಿಯಿಂದ ಕ್ರೂಡ್ (ಕಚ್ಚಾ ಎಣ್ಣೆ) ಸಾಗ್ಸೋ ಕೆಲಸ ಬಂದದ. ಗಾಡಿ ಓಡ್ಸೋದು ಗೊತ್ತದ, ತುಂಬೋದು ಇಳಿಸೋದು ಗೊತ್ತಿಲ್ಲ. ಮನ್ಯಾಗ ಅವ್ವ ಬ್ಯಾಡಂತ ಕುಂತಾಳ.

ಕಲಬುರಗಿಯಿಂದ, ಕ್ರೂಡ್ ಓಡಿಸಿದವರು:
ತಮ್ಮಾ, ಮೊದ್ಲು ಬಲ್ಕರ್ ರೂಢಿ ಬಿಡು. ಅಲ್ಲಿ ಕಂಪ್ರೆಸರ್ ಹಚ್ಚಿ ಟ್ಯಾಂಕಿಗೆ ಗಾಳಿ ತುಂಬಿ ಸಿಮೆಂಟ್ ದೂಡ್ತೀವಿ. ಕ್ರೂಡ್ ಹಂಗಲ್ಲ, ಪಂಪು ಎಳಕೋತದ. ಮ್ಯಾಲಿನ ವೆಂಟ್ (ಗಾಳಿ ಕಿಂಡಿ) ತೆಗೀದೆ ಪಂಪು ಚಾಲೂ ಮಾಡಿದ್ರ ಒಳಗ ಗಾಳಿ ಇಲ್ಲದಂಗಾಗಿ ಟ್ಯಾಂಕಿನ ತಗಡು ಒಳಗ ಕುಸೀತದ.

ಗಾಡಿ ನಿಂತ ಮ್ಯಾಲೆ ಎಂಜಿನ್ ಬಂದ್, ಗಾಲಿಗೆ ಅಡ್ಡಿ, ಆಮ್ಯಾಲೆ ಅರ್ಥಿಂಗ್ ಕ್ಲ್ಯಾಂಪ್ (ಟ್ಯಾಂಕಿನ ಕರೆಂಟ್ ನೆಲಕ್ಕ ಇಳಿಸೋ ತಂತಿಯ ಚಿಮಟಾ). ಹೋಸ್ ಮುಟ್ಟೋ ಮೊದ್ಲೇ ಕ್ಲ್ಯಾಂಪ್ ಕೂಡಬೇಕು, ಕೆಲಸ ಮುಗದ್ರ ಹೋಸ್ ಬಿಚ್ಚಿದ ಮ್ಯಾಲೇ ಅದನ್ನ ತೆಗೀಬೇಕು. ಎಣ್ಣೆ ಹರದಾಗ ಕರೆಂಟ್ ಹುಟ್ತದ, ಒಂದು ಕಿಡಿ ಸಾಕು. ಕ್ಲ್ಯಾಂಪಿನ ಹಲ್ಲು ಬಣ್ಣದ ಮ್ಯಾಲೆ, ಗ್ರೀಸಿನ ಮ್ಯಾಲೆ ಕೂತ್ರ ಹಚ್ಚಿಯೂ ಹಚ್ಚದಂಗ. ಬರೀ ಕಬ್ಬಿಣಕ್ಕ ಕಚ್ಚಬೇಕು, ಕೈಲೆ ಅಲುಗಾಡ್ಸಿ ನೋಡು.

ಮ್ಯಾಲಿಂದ ತುಂಬೋ ಕಡೆ ಪೈಪಿನ ಬಾಯಿ ಟ್ಯಾಂಕಿನ ತಳಕ್ಕ ಇಳೀಬೇಕು. ಬಾಯಿ ಎಣ್ಣ್ಯಾಗ ಮುಳುಗೋ ತನಕ ಸಣ್ಣಗ ಬಿಡಸ್ರಿ, ಎತ್ತರದಿಂದ ಧುಮುಕಿಸಬ್ಯಾಡ್ರಿ. ತುಂಬಿದ ಕೂಡ್ಲೇ ಡಿಪ್ ಕಡ್ಡಿ (ಎಣ್ಣೆ ಮಟ್ಟ ಅಳಿಯೋ ಕಡ್ಡಿ) ಹಾಕಬ್ಯಾಡ, ಸ್ವಲ್ಪ ಹೊತ್ತು ತಡಿ. ಗುರುತಿನ ಗೆರಿ ದಾಟಿ ತುಂಬಿಸ್ಬ್ಯಾಡ, ಬಿಸಲಿಗೆ ಎಣ್ಣೆ ಉಬ್ಬತದ. ನಮ್ಮ ಕಡೆ ಮೇ ತಿಂಗಳ ಬಿಸಲು ಕಂಡವಗ ಇದು ಬಿಡಿಸಿ ಹೇಳಬೇಕಾಗಿಲ್ಲ. ಹಂಗಂತ ಅರ್ಧಂಬರ್ಧ ಹಾಕ್ಕೊಂಡು ಹೊಂಟ್ರ ತಿರುವಿನ್ಯಾಗ ಎಣ್ಣೆ ಹೊಯ್ದಾಡಿ ಗಾಡೀನೇ ಎಳೀತದ.

ಇನ್ನೊಂದು, ಆ ಕಡೆ ಬಾಲೋಲ್, ಸಾಂಥಾಲ್ ಬಾವಿಗಳ ಕ್ರೂಡ್ ಭಾಳ ಗಟ್ಟಿ. ಲಗೂ ಇಳಿಯಂಗಿಲ್ಲ. ಅವಸರ ಮಾಡೋ ಸೂಪರ್‌ವೈಸರ್ ಮಾತು ಕೇಳಬ್ಯಾಡ.

ಹುಮನಾಬಾದಿನಿಂದ, ಪೆಟ್ರೋಲ್ ಟ್ಯಾಂಕರಿನವರು:
ಕಾಗದ ಪತ್ರ ಇಲ್ಲೇ ಮುಗಿಸ್ಕೊಂಡು ಹೋಗು. ಅಪಾಯದ ಸರಕಿನ 3 ದಿನದ ಟ್ರೇನಿಂಗ್ ಮಾಡಿ ಆರ್‌ಟಿಓದಾಗ ಲೈಸೆನ್ಸ್ ಮ್ಯಾಲೆ ನಮೂದು ಮಾಡಿಸ್ಬೇಕು. ಗಾಡಿ ಫಲಕದ ಮ್ಯಾಲೆ ಕ್ರೂಡಿನ ಯುಎನ್ ನಂಬರ್ (ಅಪಾಯದ ಸರಕು ಗುರುತಿಸೋ ನಂಬರ್) 1267 ಇರ್ಬೇಕು, ಕ್ಯಾಬಿನ್ಯಾಗ ಟ್ರೆಮ್ ಕಾರ್ಡ್ (ಅಪಘಾತ ಆದ್ರ ಏನ್ ಮಾಡ್ಬೇಕಂತ ಬರೆದ ಕಾರ್ಡ್). ನೈಲಾನ್ ಅಂಗಿ ಬ್ಯಾಡ, ಹತ್ತಿ ಬಟ್ಟಿ ಹಾಕ್ಕೋ.

ಶಹಾಪುರದಿಂದ, ಗಲ್ಫಿನ್ಯಾಗ ಎಣ್ಣೆ ಬಾವಿ ಕೆಲಸ ಮಾಡಿ ಬಂದವರು:
ಎಲ್ಲಾರೂ ಬೆಂಕಿ ಮಾತಾಡ್ಯಾರ, ನಾ ಗಾಳಿ ಮಾತಾಡ್ತೀನಿ. ಕೆಲವು ಕ್ರೂಡಿನ್ಯಾಗ ಹೈಡ್ರೋಜನ್ ಸಲ್ಫೈಡ್ ಅನ್ನೋ ವಿಷದ ಗ್ಯಾಸ್ ಇರ್ತದ. ಮೊದ್ಲು ಕೊಳೆತ ತತ್ತಿ ನಾತ ಬರ್ತದ. 100 ಪಿಪಿಎಂ (ಹತ್ತು ಲಕ್ಷ ಪಾಲು ಗಾಳ್ಯಾಗ 100 ಪಾಲು ಗ್ಯಾಸ್) ಸುತ್ತಮುತ್ತ ಹೋತಂದ್ರ ಮೂಗೇ ಸತ್ತು ನಾತ ನಿಂತುಬಿಡ್ತದ. ನಾತ ಹೋತು, ಗ್ಯಾಸ್ ಹೋತು ಅನಕೊಂಡವ ಅಲ್ಲೇ ಬೀಳ್ತಾನ. ಅದಕ್ಕ ಎದಿಗೆ ಗ್ಯಾಸ್ ಪತ್ತೆ ಹಚ್ಚೋ ಡಿಟೆಕ್ಟರ್ ಬೇಕು, 10 ಪಿಪಿಎಂಗೇ ಕೂಗ್ಬೇಕು. ಹ್ಯಾಚ್ (ಟ್ಯಾಂಕಿನ ಮ್ಯಾಲಿನ ಮುಚ್ಚಳ) ತೆಗೆಯೋವಾಗ ಗಾಳಿ ಬೆನ್ನಿಗೆ ಬರ್ಬೇಕು, ಮಾರಿಗಲ್ಲ, ಬಗ್ಗಿ ಇಣುಕಬ್ಯಾಡ. ಇದು ಗಾಳಿಗಿಂತ ಭಾರ, ತಗ್ಗಿನ್ಯಾಗ ನಿಂತಿರ್ತದ. ಖಾಲಿ ಟ್ಯಾಂಕಿನ್ಯಾಗೂ ಇರ್ತದ. ಒಳಗ ಒಬ್ಬ ಬಿದ್ರ ಎತ್ತಲಿಕ್ಕಂತ ಹಂಗೇ ಇಳೀಬ್ಯಾಡ. ಹಂಗ ಇಳಿದವರೂ ಅಲ್ಲೇ ಹೋಗ್ಯಾರ.

ಅವ್ವಗ ಉತ್ತರ ಬೇಕಲ್ಲ? ಹಂಗಾದ್ರ ಕೆಲಸಕ್ಕ ಹಾಂ ಅನ್ನೋ ಮೊದ್ಲು ಕಂತ್ರಾಟದಾರಗ ಫೋನ್ ಹಚ್ಚು. ಡಿಟೆಕ್ಟರ್ ಕೊಡ್ತೀರೇನು, ಟ್ಯಾಂಕ್ ತೊಳೆಯೋ ಕೆಲಸ ಡ್ರೈವರ್‌ಗೆ ಹಚ್ತೀರೇನು, ಈ ಎರಡೂ ಕೇಳು. ಮೊದಲನೇದಕ್ಕ ಇಲ್ಲ ಅಂದ್ರೂ, ಎರಡನೇದಕ್ಕ ಹೌದು ಅಂದ್ರೂ ಬಲ್ಕರ್ ಬಿಡಬ್ಯಾಡ.